ಮನೆಯಲ್ಲೇ ಮೊಳಕೆ ಕಾಳು



ಈ ಹೊತ್ತು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಮೊಳಕೆ ಕಾಳಿನ ವಿಷಯ. "ಇದೇನಮ್ಮ, ಮೊಳಕೆ ಕಟ್ಟೋದನ್ನ ನಮಗೆ ಹೇಳಿಕೊಡಬೇಕೇ? ಹುರುಳಿಕಾಳು ಮೊಳಕೆ ಕಟ್ಟಿ ಸಾರು ಮಾಡೋದು ನಮ್ಮಜ್ಜಿ ಕಾಲದಿಂದ ನಡೆದು ಬಂದಿದೆ" ಎಂದು ಯಾರಾದರೂ ಅಂದರೆ ಅದು ನ್ಯಾಯವಾದ ಮಾತೇ. ನಿಮಗೆ ಗೊತ್ತಿರುವ ಕೆಲಸವನ್ನು ಮತ್ತೆ ಕಲಿಸುವುದಕ್ಕೆ ನಾನು ಬಂದಿಲ್ಲ. ಎಂದೋ ಒಂದು ದಿನ ಬಾಯಿರುಚಿಗೆಂದು ಮಾಡುವ ಈ ಕೆಲಸವನ್ನು ಬೇಸಿಗೆಯ ದಿನಗಳಲ್ಲಿ ಮನೆಯ ನಿತ್ಯದ ಅಭ್ಯಾಸ ಮಾಡಿಕೊಳ್ಳಿ ಎಂದು ಹೇಳುವುದಕ್ಕೆ ಬಂದಿದ್ದೇನೆ. ಅದರ ಜೊತೆಗೆ, ಈಚಿನ ದಿನಗಳಲ್ಲಿ ತಪ್ಪದೆ ನೋಡಿಕೊಳ್ಳಬೇಕಾದ ಒಂದೆರಡು ಎಚ್ಚರಿಕೆಗಳನ್ನೂ ಹೇಳಬೇಕಾಗಿದೆ.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಯುಗಾದಿ ಕಳೆದ ಮೇಲೆ ಮುಂಗಾರು ಮಳೆ ಹಿಡಿಯುವವರೆಗೆ ಅಡಿಗೆಮನೆಯ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಯೋಚಿಸಿ ನೋಡಿ. ಹಿತ್ತಿಲಿನ ಸೊಪ್ಪು ಒಣಗಿರುತ್ತದೆ. ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಸಿಗುವುದಿಲ್ಲ. ಸಂತೆಯಲ್ಲಿ ತರಕಾರಿಯ ಬೆಲೆ ಕೇಳುವ ಹಾಗಿರುವುದಿಲ್ಲ. ಮುದ್ದೆಗೆ ಬರೀ ಬೇಳೆ ಸಾರೋ, ಹುಣಿಸೆಹಣ್ಣಿನ ಗೊಜ್ಜೋ, ಇಲ್ಲವಾದರೆ ಒಂದಿಷ್ಟು ಚಟ್ನಿಯೋ ಆಗುತ್ತದೆ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಊಟದಲ್ಲಿ ಹಸಿಯದು ಎಂಬುದು ಏನೂ ಇರುವುದಿಲ್ಲ.

ಹಸಿಯದು ಇಲ್ಲದಿದ್ದರೆ ಆಗುವ ನಷ್ಟವೇನು? ಸೊಪ್ಪು, ಹಣ್ಣು, ಹಸಿ ತರಕಾರಿಗಳಿಂದ ನಮಗೆ 'ಸಿ' ಜೀವಸತ್ವ ಸಿಗುತ್ತದೆ. ರಾಗಿ, ಜೋಳ, ಬೇಳೆಕಾಳುಗಳಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಆ ಕಬ್ಬಿಣ ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ ಈ 'ಸಿ' ಜೀವಸತ್ವವೂ ಇದ್ದರೆ ತುಂಬ ಅನುಕೂಲ. ಇಲ್ಲದಿದ್ದರೆ ತಿಂದ ಕಬ್ಬಿಣದಲ್ಲಿ ಹೆಚ್ಚಿನ ಭಾಗ ವ್ಯರ್ಥವಾಗಿ ಹೊರಟುಹೋಗುತ್ತದೆ. ಕಬ್ಬಿಣ ಸಾಲದೆ ಹೋದರೆ ರಕ್ತ ಕಡಿಮೆಯಾಗುತ್ತದೆ. ಸ್ವಲ್ಪ ದೂರ ನಡೆದರೆ ಏದುಸಿರು, ಕೆಲಸಕ್ಕೆ ಬಗ್ಗಿದರೆ ಕಣ್ಣು ಕತ್ತಲೆ, ಮಕ್ಕಳಿಗೆ ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಅದರ ಗುರುತು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ ಇರುವುದು ಕಂಡುಬಂತು. ಅಂದರೆ ಇದು ಎಲ್ಲೋ ದೂರದ ಮಾತಲ್ಲ, ನಮ್ಮ ನಮ್ಮ ಮನೆಯ ಮಾತು.

ಇಂಥ ಕಾಲದಲ್ಲಿ ನೀರಿನ ಕಾಲುವೆ ಬೇಡದ, ಗೊಬ್ಬರ ಬೇಡದ, ಒಂದು ಗೇಣು ನೆಲವೂ ಬೇಡದ ಕೈತೋಟ ಒಂದಿದೆ. ಅದೇ ಮೊಳಕೆ ಕಾಳು.

ಕಾಳು ಎಂದರೆ ಒಂದು ಪುಟ್ಟ ಹಗೇವು ಎಂದು ತಿಳಿಯಿರಿ. ಮುಂದೆ ಹುಟ್ಟಬೇಕಾದ ಗಿಡಕ್ಕೆ ಬೇಕಾದ ಆಹಾರವನ್ನೆಲ್ಲ ತಾಯಿಗಿಡ ಅದರೊಳಗೆ ತುಂಬಿ ಬಾಯಿ ಮುಚ್ಚಿ ಇಟ್ಟಿರುತ್ತದೆ. ಕಾಳು ಒಣಗಿರುವ ತನಕ ಆ ಹಗೇವು ತೆರೆಯುವುದಿಲ್ಲ. ನೀರು ತಗುಲಿದ ಕೂಡಲೆ ಒಳಗಿನ ಜೀವ ಎಚ್ಚರಗೊಳ್ಳುತ್ತದೆ. ಕೂಡಿಟ್ಟ ಪಿಷ್ಟವನ್ನು ಕರಗಿಸಿ ಸಕ್ಕರೆಯನ್ನಾಗಿ ಮಾಡಿಕೊಳ್ಳುತ್ತದೆ. ಮೊಳಕೆ ಕಾಳು ಸ್ವಲ್ಪ ಸಿಹಿಯಾಗಿರುವುದು ಇದರಿಂದಲೇ. ಹೊಟ್ಟೆಯಲ್ಲಿ ವಾಯು ಮಾಡುವ ಕೆಲವು ಅಂಶಗಳು ಕಡಿಮೆಯಾಗುತ್ತವೆ. ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುವ ಫೈಟಿಕ್ ಆಮ್ಲ ಎಂಬ ವಸ್ತುವೂ ಸ್ವಲ್ಪ ಸಡಿಲುತ್ತದೆ. ಎಲ್ಲಕ್ಕಿಂತ ಸೋಜಿಗವೆಂದರೆ, ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇದ್ದ 'ಸಿ' ಜೀವಸತ್ವ ಮೊಳಕೆ ಒಡೆದ ಕಾಳಿನಲ್ಲಿ ಹೊಸದಾಗಿ ಹುಟ್ಟುತ್ತದೆ. ಹೆಸರುಕಾಳಿನ ಮೊಳಕೆ 100 ಗ್ರಾಂನಲ್ಲಿ ಇದು ಸುಮಾರು 10ರಿಂದ 15 ಮಿಲಿಗ್ರಾಂ ಇರುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರು ಇದ್ದಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್, ಮಾರ್ಗರೆಟ್ ಹ್ಯೂಮ್ ಎಂಬ ಇಬ್ಬರು ಮಹಿಳೆಯರು ಒಣಕಾಳು ತಡೆಯಲಾರದ ಸ್ಕರ್ವಿ ರೋಗವನ್ನು ಮೊಳಕೆ ಕಾಳು ತಡೆಯುತ್ತದೆ ಎಂದು ತೋರಿಸಿದರು. ಸ್ಕರ್ವಿ ಎಂದರೆ 'ಸಿ' ಜೀವಸತ್ವ ತೀರ ಇಲ್ಲದೆ ಹೋದಾಗ ಒಸಡು ಊದಿ ರಕ್ತ ಸುರಿಯುವ, ಕೈಕಾಲಿನ ಶಕ್ತಿ ಉಡುಗುವ ರೋಗ. ಆಮೇಲೆ 1940ರ ಸುಮಾರಿನಲ್ಲಿ, ಆಗ ಪಂಜಾಬಿಗೆ ಸೇರಿದ್ದ, ಈಗ ಹರಿಯಾಣದಲ್ಲಿರುವ ಹಿಸಾರ್ ಜಿಲ್ಲೆಯಲ್ಲಿ ಘೋರ ಬರ ಬಂತು. ಹಸಿಯದು ಏನೂ ಸಿಗದೆ ಜನಕ್ಕೆ ಸ್ಕರ್ವಿ ತಗುಲಿತು. ಆಗ ಅಲ್ಲಿ ಮೊಳಕೆ ಕಟ್ಟಿದ ಕಡಲೆಕಾಳನ್ನು ಕೊಟ್ಟು ರೋಗವನ್ನು ಹತೋಟಿಗೆ ತಂದರು. ಬರದಲ್ಲಿ ಜನರ ಕೈಹಿಡಿದದ್ದು ಒಂದು ಹಿಡಿ ಕಾಳು, ಒಂದು ಒದ್ದೆ ಬಟ್ಟೆ.

ಇನ್ನು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮೊಳಕೆ ಕಟ್ಟಿದರೆ ಸಸಾರಜನಕ, ಅಂದರೆ ಪ್ರೋಟೀನು, ದುಪ್ಪಟ್ಟಾಗುತ್ತದೆ ಎಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ. ಕಾಳು ನೀರು ಕುಡಿದು ತೂಕದಲ್ಲಿ ಎರಡರಿಂದ ಎರಡೂವರೆ ಪಟ್ಟಾಗುತ್ತದೆ, ಅಷ್ಟೇ. ಒಳಗಿದ್ದ ಪ್ರೋಟೀನು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗೆಯೇ, ಮೊಳಕೆ ಕಾಳು ತಿಂದರೆ ರಕ್ತಹೀನತೆಗೆ ಮಾತ್ರೆಯೇ ಬೇಡ ಎಂದೂ ಅಂದುಕೊಳ್ಳಬೇಡಿ. ಬಸುರಿ ಹೆಂಗಸರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪಿಸಲೇಬಾರದು. ಮೊಳಕೆ ಕಾಳು ಅದಕ್ಕೆ ಜೊತೆಗಾರನೇ ಹೊರತು ಬದಲಿ ಅಲ್ಲ.

ಈಗ ಮಾಡುವ ಬಗೆಗೆ ಬರೋಣ. ಮೊದಲನೆಯದು ಕಾಳಿನ ಆಯ್ಕೆ. ಹೆಸರುಕಾಳು, ಹುರುಳಿ, ಮಡಕೆಕಾಳು, ಕಡಲೆ, ಅಲಸಂದೆ ಇವೆಲ್ಲ ಚೆನ್ನಾಗಿ ಮೊಳೆಯುತ್ತವೆ. ಇಡೀ ಕಾಳೇ ಆಗಿರಬೇಕು. ಒಡೆದ ಬೇಳೆ ಎಷ್ಟು ಹೊತ್ತು ನೆನೆಸಿದರೂ ಮೊಳೆಯುವುದಿಲ್ಲ. ಒಡೆಯುವಾಗಲೇ ಮೊಳಕೆಯ ಕಣ್ಣು ಮುರಿದುಹೋಗಿರುತ್ತದೆ. ಈ ವರ್ಷದ ಕಾಳಾದರೆ ಒಳ್ಳೆಯದು. ಹಳೆಯ ಕಾಳು, ಹುಳು ತಿಂದ ಕಾಳು ಮೊಳೆಯದೆ ಕೊಳೆತು ಪಕ್ಕದ ಕಾಳನ್ನೂ ಕೆಡಿಸುತ್ತದೆ. ಆದ್ದರಿಂದ ಮೊರದಲ್ಲಿ ಹಾಕಿ ಕೇರಿ, ಚೂರು, ಕಲ್ಲು, ತೂತುಕಾಳು ಎಲ್ಲ ಆರಿಸಿ ತೆಗೆಯಿರಿ.

ಇಲ್ಲಿಯೇ ನಾನು ಹೇಳಬೇಕೆಂದಿದ್ದ ದೊಡ್ಡ ಎಚ್ಚರಿಕೆ ಇರುವುದು. ನಮ್ಮ ಮನೆಯಲ್ಲೇ ನಡೆದ ಸಂಗತಿ ಹೇಳುತ್ತೇನೆ. ಒಂದು ವರ್ಷ ಮುಂಗಾರಿಗೆ ಹೆಸರು ಬಿತ್ತಿ ಉಳಿದಿದ್ದ ಬಿತ್ತನೆ ಬೀಜ ಸುಮಾರು ಒಂದು ಸೇರು, ಚೀಲದಲ್ಲಿಯೇ ಅಟ್ಟದ ಮೇಲೆ ಇತ್ತು. ಮನೆಯಲ್ಲಿ ಕಾಳು ಮುಗಿದಿತ್ತು. ನಾನು ಅವಸರದಲ್ಲಿ ಆ ಚೀಲದಿಂದಲೇ ಒಂದು ಲೋಟ ತೆಗೆದು ನೀರಿಗೆ ಹಾಕಿದೆ. ಸಾಯಂಕಾಲದ ಮಬ್ಬು, ಬಣ್ಣ ಕಾಣಿಸಲಿಲ್ಲ. ಬೆಳಿಗ್ಗೆ ನಮ್ಮತ್ತೆ ಪಾತ್ರೆ ತೆಗೆದು ನೋಡಿ, "ಇದೇನಮ್ಮ, ಕಾಳು ನೆನೆದ ನೀರು ಕುಂಕುಮ ಕದಡಿದ ಹಾಗಿದೆಯಲ್ಲ! ಇದನ್ನ ಎಲ್ಲಿಂದ ತೆಗೆದೆ?" ಅಂದರು. ಎದೆ ಧಸಕ್ಕೆಂದಿತು. ಅದು ಔಷಧಿ ಲೇಪಿಸಿದ ಬೀಜ. "ನಾಲ್ಕು ಸಲ ತೊಳೆದರೆ ಹೋಗುತ್ತೇನೋ ಅತ್ತೆ" ಅಂದೆ ನಾನು. "ಹೋಗೋದು ಬಣ್ಣ ಕಣಮ್ಮ, ವಿಷ ಹೋಯಿತು ಅಂತ ಯಾರು ಹೇಳೋರು?" ಎಂದರು ಅವರು. ಕಾಳನ್ನೂ ನೀರನ್ನೂ ದನಕರು, ಕೋಳಿ ಸುಳಿಯದ ಕಡೆ ಗುಂಡಿ ತೋಡಿ ಹೂಳಿದೆವು. ಆ ದಿನ ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದರು. ಅತ್ತೆಯ ಕಣ್ಣಿಗೆ ಆ ನೀರು ಬೀಳದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ನೆನೆದುಕೊಳ್ಳುತ್ತೇನೆ.

ಆದ್ದರಿಂದ ಅಕ್ಕತಂಗಿಯರೇ, ಬಿತ್ತುವುದಕ್ಕೆಂದು ತಂದ ಬೀಜ ಬಿತ್ತುವುದಕ್ಕೇ ಸರಿ. ಅದಕ್ಕೆ ಶಿಲೀಂಧ್ರ, ಕೀಟ ಹತ್ತದಂತೆ ಔಷಧಿ ಲೇಪಿಸಿ, ಗುರುತಿಗೆಂದು ಗುಲಾಬಿಯೋ ನೀಲಿಯೋ ಹಸಿರೋ ಬಣ್ಣ ಹಾಕಿರುತ್ತಾರೆ. ತೊಳೆದರೂ, ಬೇಯಿಸಿದರೂ ಅದು ತಿನ್ನುವುದಕ್ಕೆ ತಕ್ಕದ್ದಲ್ಲ. ದನಕ್ಕೂ ಕೋಳಿಗೂ ಹಾಕಬಾರದು. ಉಳಿದ ಬಿತ್ತನೆ ಬೀಜವನ್ನು ಅಡಿಗೆಮನೆಗೆ ತರಲೇಬೇಡಿ, ಬೇರೆ ಕಡೆ ಗುರುತು ಮಾಡಿ ಇಡಿ. ಮನೆಯಲ್ಲಿ ಹುಳುವಿಗೆಂದು ಔಷಧಿ ಪುಡಿ ಬೆರೆಸಿಟ್ಟ ಕಾಳಿಗೂ ಇದೇ ಮಾತು. ಬೂದಿಯಲ್ಲಿಯೋ ಕೆಮ್ಮಣ್ಣು ಕಟ್ಟಿಯೋ ಹರಳೆಣ್ಣೆ ಸವರಿಯೋ ಇಟ್ಟ ಕಾಳಾದರೆ ಭಯವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ಮೂರು ನಾಲ್ಕು ಸಲ ತೊಳೆದರೆ ಸಾಕು.

ಎರಡನೆಯದು ನೆನೆಸುವುದು. ಐದು ಜನರ ಮನೆಗೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಕಾಳು ಸಾಕು. ತೊಳೆದ ಕಾಳನ್ನು ಅದರ ಮೂರರಷ್ಟು ನೀರಿನಲ್ಲಿ ನೆನೆಹಾಕಿ. ನೀರು ಕುಡಿಯುವಷ್ಟು ಶುದ್ಧವಾಗಿರಬೇಕು. ಸಂಶಯವಿದ್ದರೆ ಕುದಿಸಿ ಆರಿಸಿದ ನೀರನ್ನು ಬಳಸಿ. ಹೆಸರು, ಮಡಕೆಕಾಳಿಗೆ 8 ಗಂಟೆ, ಹುರುಳಿ, ಕಡಲೆಗೆ 12 ಗಂಟೆ ನೆನೆದರೆ ಸರಿ. ರಾತ್ರಿ ಮಲಗುವ ಮುಂಚೆ ಹಾಕಿದರೆ ಬೆಳಿಗ್ಗೆಗೆ ಆಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿಯೇ ಬಿಟ್ಟರೆ ಕಾಳಿಗೆ ಉಸಿರು ಕಟ್ಟುತ್ತದೆ, ಹುಳಿವಾಸನೆ ಬರುತ್ತದೆ. ಬೆಳಿಗ್ಗೆ ನೀರು ಬಸಿದು, ಉಬ್ಬದೆ ಗಟ್ಟಿಯಾಗಿಯೇ ಉಳಿದ ಕಲ್ಲುಕಾಳುಗಳನ್ನು ಆರಿಸಿ ತೆಗೆಯಿರಿ. ಬಸಿದ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿ. ಬೇಸಿಗೆಯಲ್ಲಿ ಒಂದು ಚೊಂಬು ನೀರೂ ನೀರೇ.

ಮೂರನೆಯದು ಕಟ್ಟುವುದು. ಮೆತ್ತಗಿನ ಹತ್ತಿಯ ಬಟ್ಟೆ, ಹಳೆಯ ಪಂಚೆಯ ತುಂಡಾದರೂ ಸರಿಯೇ, ಈ ಕೆಲಸಕ್ಕೆಂದೇ ಬೇರೆ ಇಟ್ಟುಕೊಳ್ಳಿ. ಪ್ರತಿ ಸಲವೂ ಅದನ್ನು ನೀರಿನಲ್ಲಿ ಕುದಿಸಿ ಬಿಸಿಲಿನಲ್ಲಿ ಒಣಗಿಸಬೇಕು. ಕೈಯನ್ನು ಸೋಪು ಹಾಕಿ ತೊಳೆದುಕೊಂಡು, ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಕಾಳನ್ನು ಅದರಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಮಧ್ಯದ ಕಾಳಿಗೆ ಗಾಳಿಯಾಡದೆ ಕಾವು ಹೆಚ್ಚಿ ಕೊಳೆಯುತ್ತದೆ. ಗಂಟನ್ನು ಗೂಟಕ್ಕೆ ತೂಗುಹಾಕಬಹುದು, ಇಲ್ಲವೇ ತೂತಿನ ಪಾತ್ರೆಯಲ್ಲೋ ಬಿದಿರು ಬುಟ್ಟಿಯಲ್ಲೋ ಇಟ್ಟು ಮೇಲೆ ತಟ್ಟೆ ಮುಚ್ಚಬಹುದು. ಬಿಸಿಲು ಬೀಳದ, ನೊಣ ಇಲಿ ಮುಟ್ಟದ ಜಾಗವಾಗಿರಬೇಕು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಗಂಟು ಬಿಚ್ಚಿ ಕಾಳಿನ ಮೇಲೆ ಶುದ್ಧ ನೀರು ಹುಯ್ದು, ಪೂರ್ತಿ ಬಸಿದು ಮತ್ತೆ ಕಟ್ಟಿ. ಕಾಳು ಒದ್ದೆಯಾಗಿರಬೇಕು, ನೀರಿನಲ್ಲಿ ನಿಂತಿರಬಾರದು. ಬಿತ್ತಿದ ಹೊಲದಲ್ಲಿ ಹಸಿ ಇರಬೇಕು, ನೀರು ನಿಲ್ಲಬಾರದು ಎನ್ನುವುದಿಲ್ಲವೇ? ಇದೂ ಅದೇ ಲೆಕ್ಕ.

ಬೇಸಿಗೆಯಲ್ಲಿ ಹೆಸರು, ಮಡಕೆಕಾಳು ಕಟ್ಟಿದ 12ರಿಂದ 16 ಗಂಟೆಯೊಳಗೇ ಮೊಳಕೆ ಒಡೆಯುತ್ತವೆ. ಹುರುಳಿಗೆ ಒಂದು ದಿನ, ಕಡಲೆಗೆ ಒಂದರಿಂದ ಒಂದೂವರೆ ದಿನ ಬೇಕು. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ತಡವಾಗುತ್ತದೆ. ಮೊಳಕೆ ಅರ್ಧ ಅಂಗುಲ ಆದರೆ ಹದ. ಒಳ್ಳೆಯ ಮೊಳಕೆ ಬೆಳ್ಳಗೆ ಗರಿಗರಿಯಾಗಿರುತ್ತದೆ, ಹಸಿಕಾಯಿಯ ವಾಸನೆ ಇರುತ್ತದೆ. ಹುಳಿವಾಸನೆ ಬಂದರೆ, ಲೋಳೆ ಲೋಳೆಯಾಗಿದ್ದರೆ, ಬೂಷ್ಟು ಕಂಡರೆ, ಅಯ್ಯೋ ಒಂದು ಲೋಟ ಕಾಳು ಹೋಯಿತಲ್ಲ ಎಂದು ಮರುಗದೆ ತಿಪ್ಪೆಗೆ ಹಾಕಿ. ಆದ ಮೊಳಕೆಯನ್ನು ಅದೇ ದಿನ ಅಡಿಗೆಗೆ ಬಳಸಬೇಕು. ಫ್ರಿಜ್ಜು ಇದ್ದವರು ಒಂದೆರಡು ದಿನ ಇಡಬಹುದು. ದಿನವೂ ಬೇಕೆನ್ನುವವರು ಎರಡು ಬಟ್ಟೆ ಇಟ್ಟುಕೊಂಡು, ಒಂದು ಗಂಟು ಬಿಚ್ಚುವ ಹೊತ್ತಿಗೆ ಇನ್ನೊಂದನ್ನು ಕಟ್ಟುತ್ತಾ ಹೋದರೆ ಸರದಿ ತಪ್ಪುವುದಿಲ್ಲ.

ನಾಲ್ಕನೆಯದು ತಿನ್ನುವ ಬಗೆ. ಹಸಿಯಾಗಿ ತಿಂದರೇ ಒಳ್ಳೆಯದು ಎಂಬ ಮಾತು ಈಗ ಎಲ್ಲೆಲ್ಲೂ ಇದೆ. ಹಸಿ ಮೊಳಕೆಯಲ್ಲಿ 'ಸಿ' ಜೀವಸತ್ವ ಹೆಚ್ಚು ಉಳಿಯುತ್ತದೆ, ನಿಜ. ಆದರೆ ಕಾಳಿಗೆ ಹಿತವಾದ ಆ ತೇವ, ಆ ಬೆಚ್ಚಗು ಕಣ್ಣಿಗೆ ಕಾಣದ ರೋಗಾಣುಗಳಿಗೂ ಹಿತವೇ. 2011ರಲ್ಲಿ ಜರ್ಮನಿ ದೇಶದಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ರೋಗ ಹರಡಿ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಬೇಯಿಸಿ ತಿನ್ನುವುದೇ ನಮಗೆ ಕ್ಷೇಮ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಹಸಿಯದನ್ನು ಕೊಡಲೇಬಾರದು.

ಹೆಸರಿನ ಮೊಳಕೆಗೆ ಆವಿಯಲ್ಲಿ ಐದಾರು ನಿಮಿಷ ಸಾಕು. ಒಗ್ಗರಣೆ ಕೊಟ್ಟು, ತೆಂಗಿನಕಾಯಿ ತುರಿ ಉದುರಿಸಿ ಉಸಲಿ ಮಾಡಿದರೆ ಮಕ್ಕಳು ಕೇಳಿ ತಿನ್ನುತ್ತಾರೆ. ಹುರುಳಿಯ ಮೊಳಕೆಗೆ ಹೆಚ್ಚು ಬೇವು ಬೇಕು. ಅದರ ಬಸ್ಸಾರನ್ನು ನಮ್ಮ ಹಿರಿಯರು ಬಲು ಬುದ್ಧಿವಂತಿಕೆಯಿಂದಲೇ ಮಾಡಿಟ್ಟಿದ್ದಾರೆ. ಕಾಳು ಬೆಂದ ಕಟ್ಟನ್ನು ಚೆಲ್ಲದೆ ಅದರಲ್ಲೇ ಸಾರು, ಬಸಿದ ಕಾಳಿನಲ್ಲಿ ಪಲ್ಯ. ನೀರಿಗಿಳಿದ ಸತ್ತ್ವವೆಲ್ಲ ಮುದ್ದೆಯ ಜೊತೆಗೆ ಹೊಟ್ಟೆಗೇ ಹೋಗುತ್ತದೆ. ಉತ್ತರ ಕರ್ನಾಟಕದ ಕಡೆಯವರಿಗೆ ರೊಟ್ಟಿಗೆ ಮಡಕಿಕಾಳಿನ ಪಲ್ಯ ಗೊತ್ತೇ ಇದೆ. ಬೇಗ ಬೇಯಲಿ ಎಂದು ಅಡಿಗೆ ಸೋಡಾ ಮಾತ್ರ ಹಾಕಬೇಡಿ, ಜೀವಸತ್ವ ಹಾಳಾಗುತ್ತದೆ. ಬೇಯುವಾಗ ಕಳೆದುಹೋದ 'ಸಿ' ಜೀವಸತ್ವವನ್ನು ತುಂಬಿಕೊಳ್ಳುವ ಉಪಾಯವೂ ಇದೆ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಊಟವಾದ ಕೂಡಲೆ ಕಾಫಿ, ಟೀ ಕುಡಿಯಬೇಡಿ. ಅವು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಅವರೆ, ತಿಂಗಳವರೆ ಇವುಗಳ ಮೊಳಕೆಯನ್ನು ಚೆನ್ನಾಗಿ ಕುದಿಸಿ ಪೂರ್ತಿ ಬೇಯಿಸಿಯೇ ತಿನ್ನಬೇಕು. ಅರೆಬೆಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಜೋಳದ ಮೊಳಕೆಯನ್ನಂತೂ ಹೀಗೆ ಪಲ್ಯ, ಉಸಲಿ ಮಾಡಿ ತಿನ್ನಲೇಬೇಡಿ. ಎಳೆಯ ಜೋಳದ ಪೈರಿಗೆ ನುಗ್ಗಿದ ದನ ತತ್ತರಿಸಿ ಬೀಳುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಆ ವಿಷವೇ ಜೋಳದ ಎಳೆ ಮೊಳಕೆಯಲ್ಲೂ ಇರುತ್ತದೆ.

ರಾಗಿಯಲ್ಲಿ ಆ ಭಯವಿಲ್ಲ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನ ಜೊತೆಗೆ ಕೊಡುವುದಕ್ಕೆ ಮೊಳಕೆ ರಾಗಿಯ ಹಿಟ್ಟು ಬಹಳ ಒಳ್ಳೆಯದು. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ಒಂದರಿಂದ ಒಂದೂವರೆ ದಿನ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಒಣಗಿಸಿ. ಒಣಗಿದ ಮೊಳಕೆಯನ್ನು ಕೈಯಲ್ಲಿ ಉಜ್ಜಿ ತೂರಿ, ಘಮ್ಮೆನ್ನುವಷ್ಟು ಮಾತ್ರ ಹುರಿದು ಬೀಸಿ. ಮಾಮೂಲು ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ, ಅದಕ್ಕೆ ನೀರು ಬೆರೆಸಿ ಬೆರೆಸಿ ಕೂಸಿನ ಹೊಟ್ಟೆಗೆ ನೀರೇ ಹೆಚ್ಚು ಹೋಗುತ್ತದೆ. ಮೊಳಕೆ ಹಿಟ್ಟಿನ ಗಂಜಿ ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತದೆ. ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಹಿಡಿಸುತ್ತದೆ.

ಕೊನೆಯದಾಗಿ ಮನೆಯ ಯಜಮಾನರಿಗೂ ಒಂದು ಮಾತು. ನೀವೇ ಇಟ್ಟುಕೊಂಡ, ಔಷಧಿ ಹಾಕದ ಕಾಳನ್ನು ಬಿತ್ತನೆಗೆ ಬಳಸುವವರಾದರೆ ಇದೇ ಒದ್ದೆ ಬಟ್ಟೆ ನಿಮಗೂ ಉಪಕಾರಿ. ರಾಶಿಯಲ್ಲಿ ಅಲ್ಲಲ್ಲಿಂದ ಆರಿಸದೆ ತೆಗೆದ 100 ಕಾಳನ್ನು ಎಣಿಸಿ ಕಟ್ಟಿಡಿ. ನಾಲ್ಕೈದು ದಿನದಲ್ಲಿ ಎಷ್ಟು ಮೊಳೆತವು ಎಂದು ಎಣಿಸಿ. ಹೆಸರಿನಲ್ಲಿ 75ಕ್ಕೆ ಕಡಿಮೆ ಮೊಳೆತರೆ ಅದು ಬಿತ್ತನೆಗೆ ತಕ್ಕ ಬೀಜವಲ್ಲ. ಹೊಲಕ್ಕೆ ಹಾಕಿ ಕಾದು ಕೆಡುವುದಕ್ಕಿಂತ ಮೊದಲೇ ತಿಳಿಯುವುದು ಮೇಲಲ್ಲವೇ?

ರೈತ ಬಂಧುಗಳೇ, ಇದಕ್ಕೆ ಸಾಲ ಬೇಡ, ಅರ್ಜಿ ಬೇಡ, ಯಂತ್ರ ಬೇಡ. ಕಣಜದಲ್ಲಿರುವ ಒಂದು ಲೋಟ ಕಾಳು, ಶುದ್ಧವಾದ ನೀರು, ಕುದಿಸಿ ಒಣಗಿಸಿದ ಒಂದು ಬಟ್ಟೆ ಸಾಕು. ಬಿತ್ತನೆ ಬೀಜವನ್ನು ದೂರ ಇಡಿ, ಕೈ ಶುದ್ಧವಾಗಿರಲಿ, ಬೇಯಿಸಿ ತಿನ್ನಿ. ಈ ರಾತ್ರಿಯೇ ಮಲಗುವ ಮುಂಚೆ ಒಂದು ಲೋಟ ಹೆಸರುಕಾಳನ್ನು ನೆನೆಹಾಕಿ. ನಾಳಿದ್ದಿನ ಊಟಕ್ಕೆ ನಿಮ್ಮ ಮನೆಯ ಮಕ್ಕಳ ತಟ್ಟೆಯಲ್ಲಿ ಹಸಿಯದೊಂದು ಇರಲಿ.